ಹಾಡಿಗೂ ಒಂದು ಸಾಕ್ಷಿ ಬೇಕು

ಕಳೆದ ಆಷಾಢದಲ್ಲಿ ಹಾರ್ಮೋನಿಯಂ ಮೇಷ್ಟರೊಬ್ಬರು ನಮ್ಮ ಮನೆಗೆ ಬಂದರು. ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವವರು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಮೂರು ಕ್ಯಾಸೆಟ್ಟುಗಳು, ಒಂದು ಉದ್ದನೆಯ ನೋಟು ಪುಸ್ತಕ. ತಾವು ಕಟ್ಟಿದ ಮಟ್ಟೊಂದನ್ನು ಯಾರೋ ಯೂಟ್ಯೂಬಿನಲ್ಲಿ ತಮ್ಮ ಹೆಸರಿನಲ್ಲಿ ಹಾಕಿಕೊಂಡಿದ್ದಾರೆ ಎಂಬುದು ಅವರ ದೂರು. ಎರಡನ್ನೂ ಕೇಳಿಸಿದರು. ನನ್ನ ಕಿವಿಗೂ ಒಂದೇ ಅನ್ನಿಸಿತು. "ಹಾಗಾದರೆ ಗೆದ್ದೆವಲ್ಲ ಸರ್?" ಎಂದರು. ಗೆಲ್ಲುವುದು ಬಿಡಿ, ಮೇಷ್ಟ್ರೇ, ಈ ಮಟ್ಟು ನಿಮ್ಮದೇ ಎಂದು ಹೇಳುವವರು ಯಾರಿದ್ದಾರೆ ಎಂದು ಕೇಳಿದೆ. ಅವರಿಗೆ ಬೇಸರವಾಯಿತು. ಮೂವತ್ತು ವರ್ಷ ಕಾನೂನು ಪಾಠ ಹೇಳಿದವನ ಬಾಯಿಂದ ಮೊದಲು ಬರುವುದು ಇಂಥ ಮಾತೇ.

ನಾನು ಪಾಠ ಮಾಡಿದ್ದು ಮೂರು ವಿಷಯ: ಸಂವಿಧಾನ, ಸಾಕ್ಷ್ಯ ಕಾನೂನು, ಕೊನೆಯ ಹತ್ತು ಹನ್ನೆರಡು ವರ್ಷ ಸಂಗೀತದ ಹಕ್ಕುಸ್ವಾಮ್ಯ. ಒಂದು ಮದ್ದೂರು, ಒಂದು ಮಡಿಕೇರಿ, ಇನ್ನೊಂದು ಮುಂಬೈ ಇದ್ದ ಹಾಗೆ ಎಂದು ಸಹೋದ್ಯೋಗಿಗಳು ಛೇಡಿಸುತ್ತಿದ್ದರು. ನನಗೆ ಹಾಗೆ ಅನ್ನಿಸಿದ್ದೇ ಇಲ್ಲ. ಮೂರೂ ತರಗತಿಗಳಲ್ಲಿ ನಾನು ಮೊದಲ ದಿನ ಹೇಳುತ್ತಿದ್ದುದು ಒಂದೊಂದು ಹಾಡಿನ ಮೊಕದ್ದಮೆಯನ್ನೇ.

ಸಂವಿಧಾನದ ತರಗತಿಗೆ ಬಿಜೋ ಎಮ್ಯಾನುಯೆಲ್ ಪ್ರಕರಣ. 1985ರಲ್ಲಿ ಕೇರಳದ ಶಾಲೆಯೊಂದು ಮೂವರು ಮಕ್ಕಳನ್ನು ಹೊರಗೆ ಹಾಕಿತು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದ್ದ ಆ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ಪೀಠ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಗೌರವದಿಂದ ಎದ್ದು ನಿಂತ ಮೇಲೆ ಅವಮಾನದ ಮಾತೆಲ್ಲಿ, ಹಾಡಲೇಬೇಕೆಂದು ಕಡ್ಡಾಯಪಡಿಸುವ ಕಾನೂನಾದರೂ ಎಲ್ಲಿದೆ ಎಂಬುದು ಆ ತೀರ್ಪಿನ ತಿರುಳು. ವಾಕ್ ಸ್ವಾತಂತ್ರ್ಯದೊಳಗೆ ಮೌನವೂ ಸೇರಿದೆ ಎಂದು ವಿದ್ಯಾರ್ಥಿಗಳಿಗೆ ಅರ್ಥ ಮಾಡಿಸಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಸಿಗಲಿಲ್ಲ.

ನಮ್ಮಲ್ಲಿಯೂ ಇಂಥದೊಂದು ನಡೆಯಿತು. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಸಿ. ಅಶ್ವತ್ಥ್ ಅವರ ಧಾಟಿಯ ಪರವಾಗಿ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. ನ್ಯಾಯಾಲಯದಲ್ಲಿ ಹಾಡಿಯೂ ತೋರಿಸಿದರು. 2024ರ ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯಿತು. ಸರ್ಕಾರ ತನ್ನ ಸಮಾರಂಭಗಳಿಗೆ, ಶಾಲೆಗಳಿಗೆ ಒಂದು ಧಾಟಿ ಗೊತ್ತುಮಾಡಿದರೆ ಅದರಿಂದ ಬೇರೆ ಧಾಟಿಯ ಕೊರಳನ್ನು ಹಿಚುಕಿದಂತಾಗುವುದಿಲ್ಲ. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ಗುನುಗುವಾಗ ಮಾತ್ರ ನನ್ನ ನಾಲಗೆಗೆ ಬರುವುದು ಅಶ್ವತ್ಥರದೇ.

ಸಾಕ್ಷ್ಯದ ತರಗತಿಗೆ ಬರೋಣ. ಮೊಬೈಲ್ ರೆಕಾರ್ಡಿಂಗು, ಸಿ.ಡಿ., ಪೆನ್‌ಡ್ರೈವ್ ಇವೆಲ್ಲ ಕೋರ್ಟಿಗೆ ಹೇಗೆ ಬರಬೇಕೆಂಬುದನ್ನು ಗಟ್ಟಿಯಾಗಿ ಹೇಳಿದ್ದು 2014ರ ಅನ್ವರ್ ವಿರುದ್ಧ ಬಶೀರ್ ತೀರ್ಪು. ವಕೀಲರೆಲ್ಲ ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ, ಆ ಸಿ.ಡಿ.ಗಳಲ್ಲಿ ಇದ್ದುದೇನು ಎಂದು ಕೇಳಿದರೆ ತಡವರಿಸುತ್ತಾರೆ. ಅವುಗಳಲ್ಲಿ ಚುನಾವಣಾ ಪ್ರಚಾರದ ಹಾಡುಗಳೂ ಭಾಷಣಗಳೂ ಇದ್ದವು! ಎದುರಾಳಿಯ ಪರವಾಗಿ ಮೊಳಗಿದ ಹಾಡುಗಳು ಆಕ್ಷೇಪಾರ್ಹ ಎಂದು ಸೋತ ಅಭ್ಯರ್ಥಿ ಚುನಾವಣಾ ತಕರಾರು ಹೂಡಿದ್ದರು. ರೆಕಾರ್ಡ್ ಮಾಡಿದ್ದನ್ನು ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಸಿ.ಡಿ. ಮಾಡಿ ಸಲ್ಲಿಸಿದರು. ನಕಲು ಹೇಗೆ ತಯಾರಾಯಿತೆಂದು ದೃಢೀಕರಿಸುವ, ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಜೊತೆಗಿರಲಿಲ್ಲ. ಸುಪ್ರೀಂ ಕೋರ್ಟ್ ಸಿ.ಡಿ.ಗಳನ್ನು ಪಕ್ಕಕ್ಕಿಟ್ಟಿತು. ಹಾಡು ಊರಿಗೆಲ್ಲ ಕೇಳಿಸಿರಬಹುದು, ಕಡತದಲ್ಲಿ ಮಾತ್ರ ನಿಶ್ಶಬ್ದ. 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಈ ನಿಲುವು ಮತ್ತೆ ಗಟ್ಟಿಯಾಯಿತು. 2024ರ ಜುಲೈ 1ರಿಂದ 1872ರ ಹಳೆಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಈಗ ಅದರ 63ನೇ ಕಲಮಿನಡಿ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದಕ್ಕೆ ದಾಖಲೆ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಜೊತೆಗೆ ಕಡತದ ಹ್ಯಾಶ್ ಮೌಲ್ಯ, ಅಂದರೆ ಒಂದು ಕ್ಷಣದ ಧ್ವನಿಯನ್ನು ತಿದ್ದಿದರೂ ಬದಲಾಗಿಬಿಡುವ ಅಂಕಿ-ಅಕ್ಷರಗಳ ಗುರುತು.

ಹಕ್ಕುಸ್ವಾಮ್ಯದ ತರಗತಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಒಂದು ವ್ಯಾಖ್ಯೆಯ ಮೇಲೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಮೂಲ ರೂಪದ ಪ್ರಕಾರ ಸಂಗೀತ ಕೃತಿ ಎಂದರೆ ಅಚ್ಚಾದದ್ದು, ಬರೆದದ್ದು ಅಥವಾ ಬೇರೆ ರೀತಿಯ ಲಿಪಿರೂಪಕ್ಕೆ ಇಳಿದದ್ದು. ಪುರಂದರದಾಸರ ನಾಡಿನಲ್ಲಿ, ಬಾಯಿಂದ ಬಾಯಿಗೆ ಮಟ್ಟು ದಾಟಿಸುವ ಯಕ್ಷಗಾನದ ಭಾಗವತರ ನಾಡಿನಲ್ಲಿ, ಸ್ವರ ಬರೆದಿಡದ ಹಾಡು ಕಾನೂನಿಗೆ ಹಾಡೇ ಆಗಿರಲಿಲ್ಲ! 1977ರಲ್ಲಿ ಸುಪ್ರೀಂ ಕೋರ್ಟ್ ಚಲನಚಿತ್ರ ಸಂಗೀತದ ಪ್ರಕರಣವೊಂದನ್ನು ತೀರ್ಮಾನಿಸುವಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ನಾಲ್ಕು ಮಾತು ಬರೆದು, ಕೇಳುಗರು ಮಾರುಹೋಗುವುದು ಗಾಯಕನ ಕಂಠಕ್ಕೆ, ಕಾಯ್ದೆ ಕಾಪಾಡುವುದು ಮಾತ್ರ ಕಾಗದದ ಮೇಲಿನ ಸ್ವರಗಳನ್ನು ಎಂದು ಮರುಗಿದರು. 1994ರ ತಿದ್ದುಪಡಿಯಲ್ಲಿ ಬರೆದಿರಬೇಕೆಂಬ ಷರತ್ತು ಹೋಯಿತು, ಗಾಯಕ-ವಾದಕರಿಗೂ ಪ್ರತ್ಯೇಕ ಹಕ್ಕು ಬಂತು. 2012ರಲ್ಲಿ ಗೀತರಚನೆಕಾರ, ಸಂಯೋಜಕರ ರಾಯಧನದ ಹಕ್ಕನ್ನು ವಾರಸುದಾರರು, ಹಕ್ಕುಸ್ವಾಮ್ಯ ಸಂಘಗಳ ಹೊರತು ಬೇರೆ ಯಾರೂ ತಮ್ಮ ಹೆಸರಿಗೆ ಬರೆಸಿಕೊಳ್ಳಲಾಗದಂತೆ ಬಿಗಿಯಾಯಿತು.

ಕಾಯ್ದೆ ಕಾಗದವನ್ನು ಬಿಟ್ಟಿತು. ಪುರಾವೆ ಕಾಗದವನ್ನು ಬಿಟ್ಟಿತೇ? ಇಲ್ಲ. ದೆಹಲಿ ಹೈಕೋರ್ಟಿನ ಡಾಗರ್ ಪ್ರಕರಣವನ್ನೇ ನೋಡಿ. 'ಪೊನ್ನಿಯಿನ್ ಸೆಲ್ವನ್ 2' ಚಿತ್ರಕ್ಕಾಗಿ ಎ.ಆರ್. ರೆಹಮಾನ್ ಮಾಡಿದ ಹಾಡೊಂದು ಕಿರಿಯ ಡಾಗರ್ ಸಹೋದರರ 'ಶಿವಸ್ತುತಿ' ಎಂಬ ಧ್ರುಪದ್ (ಹಿಂದೂಸ್ತಾನಿ ಸಂಗೀತದ ಹಳೆಯ ಗಾಯನ ಶೈಲಿ) ರಚನೆಯ ನಕಲು ಎಂದು ಉಸ್ತಾದ್ ಫೈಯಾಜ್ ವಾಸಿಫುದ್ದೀನ್ ಡಾಗರ್ ದಾವೆ ಹೂಡಿದರು. 2025ರ ಏಪ್ರಿಲ್‌ನಲ್ಲಿ ಏಕಸದಸ್ಯ ಪೀಠ ಹಾಡಿಗೆ ಡಾಗರರ ಹೆಸರು ಹಾಕಿ, 2 ಕೋಟಿ ರೂಪಾಯಿ ಠೇವಣಿ ಇಡಿ ಎಂದಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಆ ಮಧ್ಯಂತರ ಆದೇಶವನ್ನು ರದ್ದುಪಡಿಸಿತು. ಏಕೆ? ಎರಡು ಹಾಡುಗಳ ಹೋಲಿಕೆಯಲ್ಲಿ ಅದು ಬೀಳಲಿಲ್ಲ. ಅದಕ್ಕೂ ಮೊದಲಿನ ಮೆಟ್ಟಿಲಿನಲ್ಲೇ ಜಾರಿತು. ಸಹೋದರರು ಅದನ್ನು ಹಾಡಿದ್ದಾರೆ ಎಂಬುದಕ್ಕೆ ಧ್ವನಿಮುದ್ರಿಕೆ ಇದೆ, ಅದನ್ನು ಅವರೇ ರಚಿಸಿದರು ಎಂಬುದಕ್ಕೆ ಮೇಲ್ನೋಟಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದಿತು ಪೀಠ. ಹಾಡುವುದು ಬೇರೆ, ಕಟ್ಟುವುದು ಬೇರೆ. ಪ್ರಕಟವಾದ ಕೃತಿಯ ಮೇಲೆ ರಚನೆಕಾರನೆಂದು ಒಬ್ಬರ ಹೆಸರಿದ್ದರೆ ಅವರೇ ಕರ್ತೃ ಎಂದು ಕಾಯ್ದೆಯ 55ನೇ ಕಲಮು ಊಹಿಸಿಕೊಳ್ಳುತ್ತದೆ. ಗಾಯಕನೆಂದಷ್ಟೇ ಹೆಸರಿದ್ದರೆ ಆ ಊಹೆ ಹುಟ್ಟುವುದಿಲ್ಲ. ಗುರುವಿನ ಎದುರು ಕೂತು ಕಲಿಯುವ ಪರಂಪರೆಯಲ್ಲಿ ರಚನೆಗೆ ಸಾಕ್ಷಿ ಎಂದರೆ ಶಿಷ್ಯರ ನೆನಪು. ಅದನ್ನು ಪಾಟೀಸವಾಲಿಗೆ ಒಡ್ಡದೆ ತೂಗಲಾಗದು, ಮಧ್ಯಂತರ ಹಂತದಲ್ಲಿ ಪಾಟೀಸವಾಲು ಇರುವುದಿಲ್ಲ. ಇಲ್ಲಿ ನನ್ನ ಮನಸ್ಸು ಇಬ್ಭಾಗ: ಸಾಕ್ಷ್ಯದ ಮೇಷ್ಟರಾಗಿ ವಿಭಾಗೀಯ ಪೀಠದ ಕಡೆಗಿದ್ದೇನೆ, ಸಂಗೀತ ಕೇಳುವವನಾಗಿ ಅಷ್ಟು ಖಚಿತವಾಗಿ ಹೇಳಲಾರೆ.

ಮೂರೂ ವಿಷಯಗಳು ಒಂದೇ ಹಾಡಿನಲ್ಲಿ ಬಂದು ಕೂತದ್ದು 'ಕಾಂತಾರ'ದ ವರಾಹರೂಪಂ ಹಾಡಿನಲ್ಲಿ. ಅದು ತಮ್ಮ 'ನವರಸಂ' ಹಾಡಿನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ 2022ರಲ್ಲಿ ಆರೋಪಿಸಿತು. ರಾಗ ಒಂದೇ ಆದ್ದರಿಂದ ಹೋಲಿಕೆ ಸಹಜ ಎಂದು ಚಿತ್ರತಂಡದ ವಾದ. ರಾಗ ಯಾರ ಸ್ವತ್ತೂ ಅಲ್ಲ ಎಂಬುದರಲ್ಲಿ ತಕರಾರಿಲ್ಲ. ರಾಗದೊಳಗೆ ಕಟ್ಟಿದ ನಿರ್ದಿಷ್ಟ ರಚನೆ ಸ್ವತ್ತು ಹೌದು. ಕೋಳಿಕ್ಕೋಡು, ಪಾಲಕ್ಕಾಡಿನ ಕೋರ್ಟುಗಳಿಂದ ತಡೆಯಾಜ್ಞೆ ಬಂತು, ಒಟಿಟಿಗೆ ಬಂದಾಗ ಹಾಡಿನ ಸಂಗೀತವೇ ಬೇರೆಯಾಗಿತ್ತು. ಮುಂದೆ ಆ ದಾವೆಗಳು ಕೋರ್ಟಿನ ವ್ಯಾಪ್ತಿಯ ಪ್ರಶ್ನೆಯ ಮೇಲೆ ಹಿಂದಿರುಗಿದವು, ಮೂಲ ಹಾಡೂ ಮರಳಿತು. ಇಷ್ಟೇ ಆಗಿದ್ದರೆ ಇದು ಸಿವಿಲ್ ಜಗಳ. ಆದರೆ ಪೊಲೀಸ್ ದೂರೂ ಇತ್ತು. ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಅಪರಾಧದಲ್ಲಿ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದು, ಅದು ಜಾಮೀನುರಹಿತ ಎಂದು ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ನಿರ್ದೇಶಕ, ನಿರ್ಮಾಪಕರು ನಿರೀಕ್ಷಣಾ ಜಾಮೀನಿಗೆ ಹೋದರು. 2023ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಜಾಮೀನು ಕೊಟ್ಟಿತು, ಜೊತೆಗೊಂದು ಷರತ್ತು: ಸಿವಿಲ್ ಕೋರ್ಟ್ ಆದೇಶ ಮಾಡುವವರೆಗೆ ಆ ಹಾಡಿನೊಂದಿಗೆ ಚಿತ್ರ ಪ್ರದರ್ಶಿಸುವಂತಿಲ್ಲ.

ಈ ಷರತ್ತನ್ನು ಓದಿದ ದಿನ ನನಗೆ ನಿಜಕ್ಕೂ ಕಿರಿಕಿರಿಯಾಯಿತು. ಜಾಮೀನಿನ ವಿಚಾರಣೆಯಲ್ಲಿ ಕೇಳಬೇಕಾದ್ದು ಆರೋಪಿ ಓಡಿಹೋಗುತ್ತಾನೆಯೇ, ಸಾಕ್ಷ್ಯ ಕೆಡಿಸುತ್ತಾನೆಯೇ ಎಂದು. ಅಲ್ಲಿ ಸಂಗೀತ ತಜ್ಞರಿಲ್ಲ, ಸ್ವರಪ್ರಸ್ತಾರವಿಲ್ಲ. ಮನುಷ್ಯನ ವೈಯಕ್ತಿಕ ಸ್ವಾತಂತ್ರ್ಯವನ್ನು ಒತ್ತೆಯಿಟ್ಟುಕೊಂಡು ಹಾಡನ್ನು ನಿಲ್ಲಿಸುವುದೆಂದರೆ ಸಂವಿಧಾನದ 21ನೇ ವಿಧಿಯನ್ನು ತಡೆಯಾಜ್ಞೆಯ ಅರ್ಜಿ ನಮೂನೆ ಮಾಡಿಕೊಂಡಂತೆ. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಷರತ್ತಿಗೆ ತಡೆ ನೀಡಿತು. ಯಾರು ಯಾರಿಂದ ಕದ್ದರು ಎಂಬ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ. ಮುಟ್ಟಬೇಕಾಗಿಯೂ ಇರಲಿಲ್ಲ.

ಮೇಷ್ಟರ ಚೀಲಕ್ಕೆ ಮರಳುತ್ತೇನೆ. ಕ್ಯಾಸೆಟ್ಟುಗಳಿಗಿಂತ ನನಗೆ ಆಸೆ ಹುಟ್ಟಿಸಿದ್ದು ನೋಟು ಪುಸ್ತಕ. ಒಂದೊಂದು ನಾಟಕಕ್ಕೂ ಒಂದೊಂದು ಪುಟ: ಊರು, ಪಾತ್ರಧಾರಿಗಳ ಹೆಸರು, ಮುಂಗಡ ಕೊಟ್ಟ ಹಣ, ಕೆಳಗೆ ಯಾವ ಪದ್ಯಕ್ಕೆ ಯಾವ ರಾಗ, ಪಲ್ಲವಿಯ ಸ್ವರ. ತಾವು ಲೆಕ್ಕ ಬರೆದಿದ್ದೇವೆ ಎಂದುಕೊಂಡಿದ್ದರು, ಅವರು ಬರೆದಿದ್ದುದು ಸಾಕ್ಷ್ಯ. ಯಾರ ಮೇಲೂ ಕಣ್ಣಿಡದೆ ದಿನದಿನದ ವಹಿವಾಟಿನಲ್ಲಿ ಬರೆದ ಇಂಥ ಟಿಪ್ಪಣಿಗೆ ಮೊಕದ್ದಮೆಗೆಂದೇ ಬರೆಸಿದ ಅಫಿಡವಿಟ್ಟಿಗಿಂತ ಹೆಚ್ಚಿನ ತೂಕ. ಪುಸ್ತಕದ ಹಾಳೆ ಹರಿಯಬೇಡಿ, ಅಂದಗೆಟ್ಟಿದ್ದನ್ನು ಮತ್ತೆ ಚೆನ್ನಾಗಿ ನಕಲು ಮಾಡಬೇಡಿ, ಆ ಪಾತ್ರಧಾರಿಗಳಲ್ಲಿ ಬದುಕಿರುವವರ ಪಟ್ಟಿ ಮಾಡಿ ಎಂದು ಹೇಳಿದೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ಯಾರು, ಯಾವ ದಿನ, ಯಾವ ಯಂತ್ರದಲ್ಲಿ ಇಳಿಸಿದರು ಎಂದು ಬರೆದಿಡಿ, ಮೂಲ ಕ್ಯಾಸೆಟ್ಟನ್ನು ಮಾತ್ರ ಯಾರಿಗೂ ಕೊಡಬೇಡಿ. ಹಕ್ಕುಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಆ ದಾಖಲೆಯನ್ನು 48ನೇ ಕಲಮು ಮೇಲ್ನೋಟದ ಸಾಕ್ಷ್ಯವೆಂದು ಒಪ್ಪುತ್ತದೆ.

ಮೇಷ್ಟರು ಪುಸ್ತಕ ತಿರುವಿ ಒಂದು ಪುಟದಲ್ಲಿ ನಿಂತರು. "ಇದರಲ್ಲಿ ಎರಡನೆಯ ಸಾಲಿನ ಸ್ವರ ನನ್ನ ಗುರುಗಳದು ಸರ್, ಮಿಕ್ಕಿದ್ದು ನನ್ನದು. ಅದನ್ನೂ ಹೇಳಬೇಕಾ?"

ಮೊದಲು ಅದನ್ನೇ ಬರೆಯಿರಿ ಎಂದೆ.