ಘನ, ದ್ರವ, ಅನಿಲ: ನಡುವಿನ ಚೌಕದ ಗೊಂದಲ ಎಲ್ಲಿಂದ ಬಂತು?

ಮಂಗಳೂರು, ಉಡುಪಿಯ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಥರ್ಮೋಕೋಲ್ ಉಂಡೆಗಳನ್ನು ಅಂಟಿಸಿದ ಮೂರು ಚೌಕಗಳು ಪರಿಚಿತ ನೋಟ: ಘನದಲ್ಲಿ ಅಣುಗಳು ಒತ್ತೊತ್ತಾಗಿ, ಅನಿಲದಲ್ಲಿ ಚೆಲ್ಲಾಪಿಲ್ಲಿಯಾಗಿ, ದ್ರವದಲ್ಲಿ ಇವೆರಡರ ನಟ್ಟನಡುವಿನ ಅಂತರದಲ್ಲಿ. ಈ ನಡುವಿನ ಚೌಕವೇ ತೊಡಕಿನದು. ಅಣುಗಳ ನಡುವೆ ಅಷ್ಟು ಜಾಗವಿದ್ದಿದ್ದರೆ ನೀರನ್ನು ಸುಲಭವಾಗಿ ಅದುಮಲು ಬರಬೇಕಿತ್ತು; ನೀರು ತುಂಬಿದ ಸಿರಿಂಜಿನ ಬಾಯಿಗೆ ಬೆರಳಿಟ್ಟು ಒತ್ತಿದವರಿಗೆ ಅದು ಜಗ್ಗುವುದಿಲ್ಲವೆಂದು ಗೊತ್ತು.

ಪ್ರಾಚೀನ ಭಾರತದ ಕಣಾದ, ಗ್ರೀಸಿನ ಡೆಮಾಕ್ರಿಟಸರಿಂದ 19ನೇ ಶತಮಾನದ ಆರಂಭದ ರಸಾಯನಶಾಸ್ತ್ರಜ್ಞ ಡಾಲ್ಟನ್‌ವರೆಗೆ ಮತ್ತು ಆಮೇಲೂ ನೂರು ವರ್ಷ ಕಣಗಳು ನಿಜವಾಗಿಯೂ ಇವೆಯೇ ಎಂಬುದೇ ಚರ್ಚೆಯಾಗಿತ್ತು. ದ್ರವದಲ್ಲಿ ತೇಲುವ ಸೂಕ್ಷ್ಮ ಕಣಗಳ ಅಡ್ಡಾದಿಡ್ಡಿ ಚಲನೆಯ ಕುರಿತ 1905ರ ಐನ್‌ಸ್ಟೈನ್ ಲೆಕ್ಕಾಚಾರ ಮತ್ತು ಪೆರಿನ್ ಪ್ರಯೋಗಗಳು ಅದಕ್ಕೆ ತೆರೆ ಎಳೆದವು. ಅಷ್ಟರೊಳಗೆ ಅನಿಲಗಳ ಸಿದ್ಧಾಂತ ಗಟ್ಟಿಯಾಗಿತ್ತು. 1912ರಲ್ಲಿ ಲಾವೆ, ಬೆನ್ನಿಗೇ ಬ್ರ್ಯಾಗ್ ತಂದೆ-ಮಗ ಎಕ್ಸ್-ಕಿರಣಗಳಿಂದ ಹರಳುಗಳೊಳಗಿನ ಸಾಲು ಸಾಲು ಜೋಡಣೆಯನ್ನು ಹೊರತೆಗೆದರು. ದ್ರವಕ್ಕೆ ಮಾತ್ರ ತನ್ನದೇ ಚಿತ್ರ ಇರಲಿಲ್ಲ. ದ್ರವ ಮತ್ತು ಅನಿಲ ಒಂದರಿಂದೊಂದಕ್ಕೆ ತಡೆಯಿಲ್ಲದೆ ಸಾಗಬಲ್ಲವು ಎಂದು 1873ರಲ್ಲಿ ವಾನ್ ಡರ್ ವಾಲ್ಸ್ ತೋರಿಸಿದ್ದರಿಂದ ದ್ರವವನ್ನು ಇಕ್ಕಟ್ಟಾದ ಅನಿಲವೆಂದು ಕೆಲವರು ಎಣಿಸಿದರೆ, ಕ್ರಮ ಕೆಟ್ಟ ಹರಳೆಂದು ಇನ್ನು ಕೆಲವರು ಬಗೆದರು. ದ್ರವಗಳಲ್ಲಿ ಎಕ್ಸ್-ಕಿರಣ ಚದುರುವ ಬಗೆಯನ್ನು 1923ರಲ್ಲಿ ಸಿ.ವಿ. ರಾಮನ್ ಮತ್ತು ಕೆ.ಆರ್. ರಾಮನಾಥನ್ ಕೂಡ ವಿವರಿಸಲು ಯತ್ನಿಸಿದ್ದರು.

ಎರಡೂ ವಾದಗಳನ್ನು ಬದಿಗಿಟ್ಟವರು ಬ್ರಿಟನ್ನಿನ ವಿಜ್ಞಾನಿ ಜೆ.ಡಿ. ಬರ್ನಾಲ್. 1950ರ ದಶಕದ ಕೊನೆಯಲ್ಲಿ ಅವರು ದ್ರವದ ಕಣಗಳ ಮಾದರಿಯಾಗಿ ತಮ್ಮ ಕಚೇರಿಯಲ್ಲಿಯೇ ಚೆಂಡು ಮತ್ತು ಕಡ್ಡಿಗಳನ್ನು ಜೋಡಿಸುತ್ತಾ ಹೋದರು. ಯಾರಾದರೂ ಬಂದು ಮಾತಾಡಿಸಿ ಹೋದ ಮೇಲೆ ಹಿಂದಿನ ಲೆಕ್ಕ ನೆನಪಿರದಂತೆ ಮುಂದುವರಿಸಿದರಂತೆ, ಏಕೆಂದರೆ ಕ್ರಮ ತಪ್ಪುವುದೇ ಅಲ್ಲಿ ಬೇಕಾಗಿದ್ದುದು! ಬಳಿಕ ಉಕ್ಕಿನ ಗುಂಡುಗಳ ರಾಶಿಗೆ ಬಣ್ಣ ಸುರಿದು, ಒಣಗಿದ ಮೇಲೆ ಬಿಡಿಸಿ, ಒಂದಕ್ಕೊಂದು ತಾಗಿದ ಗುರುತುಗಳನ್ನು ಎಣಿಸಲಾಯಿತು. ಅತ್ಯಂತ ಒತ್ತಾಗಿ, ಕ್ರಮಬದ್ಧವಾಗಿ ಪೇರಿಸಿದ ಗುಂಡುಗಳು ಜಾಗದ ಶೇ 74ರಷ್ಟನ್ನು ತುಂಬುತ್ತವೆ. ಕ್ರಮವಿಲ್ಲದೆ ಸುರಿದು ಕುಲುಕಿದರೂ ಸುಮಾರು ಶೇ 64ರಷ್ಟು ತುಂಬುತ್ತವೆ. ಅಂದರೆ ಕ್ರಮ ಕಳೆದುಕೊಳ್ಳಲು ದೂರ ಸರಿಯಬೇಕೆಂದೇನೂ ಇಲ್ಲ. ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್ 1964ರಲ್ಲಿ 864 ಆರ್ಗಾನ್ ಪರಮಾಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ದ್ರವದ ಕಣಗಳು ಒತ್ತಾಗಿದ್ದುಕೊಂಡೇ ಜಾಗ ಬದಲಿಸುವುದನ್ನು ತೋರಿಸಿದರು.

ದೂರದ ಜಿಗಿತವೆಲ್ಲ ಇರುವುದು ದ್ರವ ಮತ್ತು ಅನಿಲದ ನಡುವೆ. 100 ಡಿಗ್ರಿಯಲ್ಲಿ ನೀರು ಆವಿಯಾದಾಗ ಗಾತ್ರ ಸುಮಾರು 1600 ಪಟ್ಟು, ಅಣುಗಳ ನಡುವಿನ ಸರಾಸರಿ ಅಂತರ ಹೆಚ್ಚುಕಡಿಮೆ 12 ಪಟ್ಟು ಹಿಗ್ಗುತ್ತದೆ. ಇಷ್ಟು ತಿಳಿದು ಅರ್ಧ ಶತಮಾನ ಕಳೆದರೂ, ಮೂರು ಚಿತ್ರಗಳು ಥಟ್ಟನೆ ಬೇರೆಬೇರೆಯಾಗಿ ಕಾಣಬೇಕೆಂಬ ಅನುಕೂಲವೇ ಗೆದ್ದಂತಿದೆ.

ಕರಾವಳಿಯ ಮನೆಗಳಲ್ಲಿ ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುವಾಗ ಕೊಂಚ ಮಾತ್ರ ಕುಗ್ಗುತ್ತದೆ. ನೀರಿನ ಕತೆ ತದ್ವಿರುದ್ಧ. ಮಂಜುಗಡ್ಡೆಯಲ್ಲಿ ಪ್ರತಿ ಅಣುವೂ ನಾಲ್ಕೇ ನೆರೆಯ ಅಣುಗಳನ್ನು ಹೈಡ್ರೋಜನ್ ಬಂಧವೆಂಬ ಸೆಳೆತದಿಂದ ಹಿಡಿದು ನಿಲ್ಲುವುದರಿಂದ ನಡುವೆ ಪೊಳ್ಳು ಉಳಿಯುತ್ತದೆ. ಕರಗಿದಾಗ ಆ ಚೌಕಟ್ಟು ಕುಸಿದು ಅಣುಗಳು ಇನ್ನಷ್ಟು ಒತ್ತಾಗುತ್ತವೆ. ಮಲ್ಪೆ ಬಂದರಿನ ಬೋಟುಗಳಿಗೆ ಐಸ್ ಒದಗಿಸುವ ಪ್ಲಾಂಟುಗಳಲ್ಲಿ ಕ್ಯಾನ್‌ನ ಅಂಚಿನವರೆಗೂ ನೀರು ತುಂಬಿದರೆ ಕೆಲಸ ಕೆಡುತ್ತದೆ, ಏಕೆಂದರೆ ಹೆಪ್ಪುಗಟ್ಟುವ ನೀರಿಗೆ ಶೇ 9ರಷ್ಟು ಹೆಚ್ಚು ಜಾಗ ಬೇಕು.