ನಕ್ಷತ್ರ ಆಮೆ: ಎರಡನೇ ಪಟ್ಟಿಯಿಂದ ಒಂದನೇ ಪಟ್ಟಿಗೆ

2018ರ ನವೆಂಬರ್‌ನಲ್ಲಿ ಸಿಂಗಾಪುರದಿಂದ ಬೆಂಗಳೂರಿಗೆ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ವಾಪಸ್ ಬಂದವು. ಅಷ್ಟನ್ನೂ ಕರ್ನಾಟಕ ಅರಣ್ಯ ಇಲಾಖೆ ತನ್ನ ವಶಕ್ಕೆ ತೆಗೆದುಕೊಂಡಿತು. ಕಾಡಿನಿಂದ ಹಿಡಿದ ಈ ಆಮೆಯನ್ನು ಮಾರಲು ನಮ್ಮ ದೇಶದಲ್ಲಿ ಅವಕಾಶವೇ ಇಲ್ಲ. ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದವೂ ಇತ್ತು. ಆದರೂ ಇವು ಸಮುದ್ರ ದಾಟಿದ್ದು ಹೇಗೆ?

ಆ ಒಪ್ಪಂದದ ಹೆಸರು ಸೈಟಿಸ್. 1973ರ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ 80 ದೇಶಗಳ ಪ್ರತಿನಿಧಿಗಳು ಇದಕ್ಕೆ ಒಪ್ಪಿದರು. 1975ರ ಜುಲೈ 1ರಂದು ಜಾರಿಗೆ ಬಂತು. ಮರುವರ್ಷ ಭಾರತವೂ ಸೇರಿತು. ಒಂದು ಮಾತು ಇಲ್ಲಿ ನೆನಪಿರಲಿ: ಸೈಟಿಸ್ ಕಾಡು ಕಾಯುವ ಕಾನೂನಲ್ಲ. ಜೀವಿ ಒಂದು ದೇಶದ ಗಡಿ ದಾಟುವಾಗ ಅದರ ಕಾಗದಪತ್ರ ಕೇಳುವ ಕಾನೂನು.

ಕಾಗದಪತ್ರ ಎಷ್ಟು ಬಿಗಿ ಅನ್ನುವುದು ಜೀವಿ ಯಾವ ಪಟ್ಟಿಯಲ್ಲಿದೆ ಎಂಬುದರ ಮೇಲೆ ನಿಂತಿದೆ. ಒಂದನೇ ಪಟ್ಟಿಯಲ್ಲಿ ಹುಲಿ, ಏಷ್ಯಾದ ಆನೆಯಂಥವು ಇವೆ. ಕಾಡಿನಿಂದ ಹಿಡಿದ ಇವುಗಳ ವ್ಯಾಪಾರ ಪೂರ್ತಿ ಬಂದ್. ಎರಡನೇ ಪಟ್ಟಿಯಲ್ಲಿದ್ದರೆ, ಕಳಿಸುವ ದೇಶದ ಪರವಾನಗಿ ಇದ್ದರೆ ಮಾರಬಹುದು. ನಕ್ಷತ್ರ ಆಮೆ ಹಲವು ದಶಕ ಈ ಎರಡನೇ ಪಟ್ಟಿಯಲ್ಲೇ ಉಳಿಯಿತು.

ತೊಂದರೆ ಆಗಿದ್ದು ಅಲ್ಲೇ. 'ಇದು ಕಾಡಿನದ್ದಲ್ಲ, ಫಾರ್ಮ್‌ನಲ್ಲಿ ಹುಟ್ಟಿದ್ದು' ಎಂಬ ಒಂದು ಕಾಗದ ಇದ್ದರೆ ಬೇರೆ ದೇಶಗಳ ಮಾರುಕಟ್ಟೆಯಲ್ಲಿ ಆಮೆಯನ್ನು ರಾಜಾರೋಷವಾಗಿ ಮಾರಬಹುದಿತ್ತು. ನೋಡಿದರೆ ಯಾವುದು ಫಾರ್ಮ್‌ನದ್ದು, ಯಾವುದು ಕೋಲಾರದ ಕುರುಚಲು ಕಾಡಿನದ್ದು ಅಂತ ಹೇಳಲು ಆಗುವುದಿಲ್ಲ ಅಲ್ವಾ? ಚಿಪ್ಪಿನ ಮೇಲಿನ ಹಳದಿ ಗೆರೆಗಳ ಚೆಲುವೇ ಈ ಆಮೆಗೆ ಮುಳುವಾಯಿತು. ಆಮೆ ಮನೆಯಲ್ಲಿದ್ದರೆ ಅದೃಷ್ಟ ಎನ್ನುವ ನಂಬಿಕೆ ಬೇರೆ. ಕಾಲು ಅಲ್ಲಾಡದಂತೆ ಟೇಪ್ ಸುತ್ತಿ, ಸೂಟ್‌ಕೇಸ್‌ನಲ್ಲಿ ಬಟ್ಟೆ ಜೋಡಿಸಿದ ಹಾಗೆ ಜೋಡಿಸಿ ಸಾಗಿಸುತ್ತಾರೆ. ಓದುವಾಗಲೇ ಸಂಕಟವಾಗುತ್ತದೆ.

ಎಷ್ಟು ಆಮೆಗಳು ಹೀಗೆ ಹೋಗುತ್ತಿದ್ದವು? 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ ಹೀಗಿದೆ: ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000. ಒಂದೇ ಕಡೆಯಿಂದ! ಹೆಣ್ಣು ಆಮೆ ಮೊಟ್ಟೆ ಇಡುವಷ್ಟು ಬೆಳೆಯಲು ಹಲವು ವರ್ಷ ಬೇಕು. ಒಂದು ಸಲಕ್ಕೆ ಇಡುವುದೂ ಕೆಲವೇ ಮೊಟ್ಟೆ. ಈ ಲೆಕ್ಕಕ್ಕೆ ಯಾವ ಕಾಡು ತಾನೇ ತಡೆದೀತು?

ಸೈಟಿಸ್‌ನ 18ನೇ ಸಮಾವೇಶ 2019ರ ಮೇ ತಿಂಗಳಲ್ಲಿ ಕೊಲಂಬೊದಲ್ಲಿ ನಡೆಯಬೇಕಿತ್ತು. ಈಸ್ಟರ್ ದಿನದ ಬಾಂಬ್ ದಾಳಿಯ ನಂತರ ಅದು ಜಿನೀವಾಕ್ಕೆ, ಆಗಸ್ಟ್‌ಗೆ ಹೋಯಿತು. ಅಲ್ಲಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶ ಮತ್ತು ಸೆನೆಗಲ್ ಸೇರಿ ಆಮೆಯನ್ನು ಒಂದನೇ ಪಟ್ಟಿಗೆ ಏರಿಸಲು ಕೇಳಿದವು. ಸಮಾವೇಶ ಒಪ್ಪಿತು. ಅದೇ ನವೆಂಬರ್ 26ರಿಂದ ಜಾರಿ. ಈಗ ಫಾರ್ಮ್‌ನಲ್ಲಿ ಹುಟ್ಟಿದ್ದು ಎಂದು ವ್ಯಾಪಾರಕ್ಕೆ ಕಳಿಸಬೇಕಾದರೆ ಆ ಫಾರ್ಮ್ ಸೈಟಿಸ್ ಕಚೇರಿಯಲ್ಲಿ ನೋಂದಣಿ ಆಗಿರಬೇಕು. ಸುಮ್ನೆ ಒಂದು ಕಾಗದ ಸಾಕಾಗುವುದಿಲ್ಲ. ನನ್ನ ಪ್ರಕಾರ ಈ ಬದಲಾವಣೆಯ ನಿಜವಾದ ಬಲ ಇರುವುದು ಇಲ್ಲೇ.

ನಮ್ಮ ಕಾನೂನಿನಲ್ಲೂ ಒಂದು ಕೊರತೆ ಇತ್ತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಈ ಆಮೆ ಕಡಿಮೆ ಶಿಕ್ಷೆಯ ನಾಲ್ಕನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ ಅದನ್ನು ಹುಲಿಯ ಸಾಲಿಗೆ, ಮೊದಲನೇ ಅನುಸೂಚಿಗೆ ತಂದಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಆದರೆ ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡ ಆಮೆಯನ್ನು ಕಾಡಿಗೆ ಬಿಡುವುದು ಸುಲಭವಲ್ಲ. ಗುಜರಾತ್, ರಾಜಸ್ಥಾನದ ಆಮೆಗಳೂ ದಕ್ಷಿಣದ ಆಮೆಗಳೂ ವಂಶವಾಹಿಯಲ್ಲಿ ಬೇರೆ ಬೇರೆ. ಪೆಟ್ಟಿಗೆಯಲ್ಲಿ ಎಲ್ಲವೂ ಬೆರೆತುಹೋಗಿರುತ್ತವೆ, ರೋಗವೂ ಅಂಟಿರಬಹುದು. ಮೊದಲು ಪ್ರತ್ಯೇಕವಾಗಿಟ್ಟು ಆರೋಗ್ಯ ನೋಡಬೇಕು. ಆಮೇಲೆ ಡಿಎನ್‌ಎ ಪರೀಕ್ಷೆ. ಆಮೆ ಯಾವ ಭಾಗದ್ದು ಎಂದು ಇದರಿಂದ ಗುರುತಿಸಬಹುದು ಎಂದು ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಸಂಶೋಧನಾ ಸಂಸ್ಥೆಯಾದ ಸಿಸಿಎಂಬಿಯ ವಿಜ್ಞಾನಿಗಳು ತೋರಿಸಿದ್ದಾರೆ. ತನ್ನ ಊರಿನ ಕುರುಚಲು ಕಾಡು ಯಾವುದು ಎಂದು ಗೊತ್ತಾಗುವವರೆಗೂ ಆಮೆ ಬೇಲಿಯ ಒಳಗೇ ಕಾಯುತ್ತದೆ.