ಕೆಟ್ಟಿದ್ದು ಕಿಡ್ನಿ, ರಕ್ತ ಯಾಕೆ ಕಮ್ಮಿ?

ಕಲಬುರಗಿಯಲ್ಲಿ ಡಯಾಲಿಸಿಸ್‌ಗೆ ಬರುವವರ ಮನೆಯವರು ಕೇಳುವ ಪ್ರಶ್ನೆ ಇದು: "ಕೆಟ್ಟಿದ್ದು ಕಿಡ್ನಿ, ಮತ್ತ ರಕ್ತ ಯಾಕ ಕಮ್ಮಿ ಆಗ್ಯಾದ?" ನ್ಯಾಯವಾದ ಪ್ರಶ್ನೆ. ರಕ್ತ ಏರಲಿ ಅಂತ ಮನೆಯಲ್ಲಿ ಬೀಟ್‌ರೂಟು, ಖರ್ಜೂರ ತಿನ್ನಿಸುತ್ತಾರೆ. (ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಡಯಾಲಿಸಿಸ್‌ನವರು ಡಾಕ್ಟರನ್ನು ಕೇಳದೆ ತಿನ್ನಬಾರದು.) ಕಬ್ಬಿಣ ಬೇಕು ನಿಜ, ಆದರೆ ಅದು ಬರೀ ಸರಕು. ಕೆಂಪು ಕಣ ಮಾಡು ಅಂತ ಮೂಳೆ ಮಜ್ಜೆಗೆ ಆರ್ಡರ್ ಹೋಗುವುದು ಕಿಡ್ನಿಯಿಂದ. ಆರ್ಡರ್ ಒಯ್ಯುವುದು ಎರಿಥ್ರೊಪೊಯೆಟಿನ್ ಎಂಬ ಪ್ರೋಟೀನ್. ಆಸ್ಪತ್ರೆಯಲ್ಲಿ ಚಿಕ್ಕದಾಗಿ "ಎಪೊ" ಅಂತಾರೆ. ಕಿಡ್ನಿ ಕೆಟ್ಟರೆ ಎಪೊ ಕಮ್ಮಿ, ಹಾಗಾಗಿ ರಕ್ತವೂ ಕಮ್ಮಿ.

ಇಷ್ಟು ತಿಳಿಯಲು ವಿಜ್ಞಾನಿಗಳಿಗೆ ಅರ್ಧ ಶತಮಾನಕ್ಕೂ ಜಾಸ್ತಿ ಬೇಕಾಯಿತು. 1890ರ ಸುಮಾರಿಗೆ ಫ್ರಾನ್ಸಿನ ವಿಜ್ಞಾನಿ ವಿಯೊ ಪೆರು ದೇಶದ ಎತ್ತರದ ಬೆಟ್ಟಗಳಿಗೆ ಹೋದಾಗ, ಕೆಲವೇ ವಾರಗಳಲ್ಲಿ ಅವರ ಕೆಂಪು ಕಣಗಳು ಪ್ರತಿ ಘನ ಮಿಲಿಮೀಟರಿಗೆ 50 ಲಕ್ಷದಿಂದ 70 ಲಕ್ಷ ದಾಟಿದ್ದವು. ಅಲ್ಲಿ ಗಾಳಿಯಲ್ಲಿ ಆಮ್ಲಜನಕ ಕಮ್ಮಿ, ದೇಹ ಅದಕ್ಕೆ ಹೊಂದಿಕೊಂಡಿತ್ತು. ಹೇಗೆ? 1906ರಲ್ಲಿ ಪ್ಯಾರಿಸ್ಸಿನ ಕಾರ್ನೊ ಮತ್ತು ಡಿಫ್ಲಾಂಡ್ರ್ ಮೊಲದ ರಕ್ತ ತೆಗೆದು, ಅದರ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಇನ್ನೊಂದು ಮೊಲಕ್ಕೆ ಚುಚ್ಚಿ, ಎರಡನೆಯದರಲ್ಲೂ ಕಣಗಳು ಏರಿದವು ಅಂದರು. ಬೇರೆಯವರು ಮಾಡಿ ನೋಡಿದರೆ ಸರಿಯಾಗಿ ಬರಲಿಲ್ಲ. ವಿಷಯ ಮೂಲೆಗೆ ಬಿತ್ತು. 1953ರಲ್ಲಿ ಎರ್ಸ್ಲೆವ್ ಎಂಬುವರು ಅದೇ ಪ್ರಯೋಗವನ್ನು ತುಂಬಾ ಜಾಸ್ತಿ ಪ್ಲಾಸ್ಮಾ (ಕಣ ಬಿಟ್ಟು ಉಳಿದ ರಕ್ತದ ದ್ರವ) ಬಳಸಿ ಮಾಡಿದರು, ಆಗ ಅನುಮಾನ ಹೋಯಿತು. 1957ರಲ್ಲಿ ಶಿಕಾಗೊದ ಜೇಕಬ್‌ಸನ್, ಗೋಲ್ಡ್‌ವಾಸರ್ ತಂಡ ಇಲಿಗಳ ಒಂದೊಂದೇ ಅಂಗ ತೆಗೆದು ನೋಡಿತು. ಎರಡೂ ಕಿಡ್ನಿ ತೆಗೆದಾಗ ಮಾತ್ರ ಎಪೊ ಏರಲಿಲ್ಲ.

ಇಲ್ಲಿಂದ ಮುಂದಿನ ಕತೆ ನನಗೆ ತುಂಬಾ ಇಷ್ಟ. ಎಪೊ ಇದೆ ಅಂತ ಗೊತ್ತು, ಶುದ್ಧವಾಗಿ ಕೈಗೆ ಸಿಗಲ್ಲ. ಗೋಲ್ಡ್‌ವಾಸರ್ ರಕ್ತ ಬತ್ತಿದ ಕುರಿಗಳ ಪ್ಲಾಸ್ಮಾ ಹಿಡಿದು ವರ್ಷಗಟ್ಟಲೆ ಒದ್ದಾಡಿದರು. ಕೊನೆಗೆ ಜಪಾನಿನ ಮಿಯಾಕೆ ಎಂಬ ವೈದ್ಯರು, ಮಜ್ಜೆ ಕೆಲಸ ಮಾಡದ ರಕ್ತಹೀನತೆಯ ರೋಗಿಗಳ 2,550 ಲೀಟರ್ ಮೂತ್ರ ಕೂಡಿಸಿ ಒಣಗಿಸಿ, 1975ರಲ್ಲಿ ಬಟ್ಟೆಯ ಗಂಟಿನಲ್ಲಿ ಶಿಕಾಗೊಗೆ ತಂದುಕೊಟ್ಟರು. ಅಂಥ ರೋಗಿಗಳಲ್ಲಿ ಕಿಡ್ನಿ ಆರ್ಡರ್ ಕಳಿಸುತ್ತಲೇ ಇರುತ್ತದೆ, ಆದರೆ ಮಜ್ಜೆ ಓಗೊಡುವುದಿಲ್ಲ, ಹಾಗಾಗಿ ಮೂತ್ರದಲ್ಲಿ ಎಪೊ ಹೇರಳ. ಅಷ್ಟು ಮೂತ್ರದಿಂದ ಸಿಕ್ಕ ಶುದ್ಧ ಪ್ರೋಟೀನ್ ಸುಮಾರು 8 ಮಿಲಿಗ್ರಾಂ! 1977ರಲ್ಲಿ ಫಲಿತಾಂಶ ಪ್ರಕಟವಾಯಿತು. ಪೇಟೆಂಟ್ ಮಾತ್ರ ಆಗಲಿಲ್ಲ. 1983ರಲ್ಲಿ ಆಮ್ಜೆನ್ ಕಂಪನಿಯ ಫು-ಕುಯೆನ್ ಲಿನ್ ಎಪೊ ಜೀನ್ ಹುಡುಕಿದರು, 1989ರಲ್ಲಿ ಅಮೆರಿಕದಲ್ಲಿ ಎಪೊ ಔಷಧಕ್ಕೆ ಅನುಮತಿ ಸಿಕ್ಕಿತು, ಕಂಪನಿ ಕೋಟಿಗಟ್ಟಲೆ ಗಳಿಸಿತು. ಅಲ್ಲಿಯವರೆಗೆ ಡಯಾಲಿಸಿಸ್ ರೋಗಿಗಳಿಗೆ ಮತ್ತೆ ಮತ್ತೆ ರಕ್ತ ಏರಿಸುವುದೇ ಮುಖ್ಯ ದಾರಿಯಾಗಿತ್ತು.

ಸರಿ, ಎಪೊ ಬಂದರೆ ಸಾಕಾ? ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣ ಮಾಡುತ್ತದೆ. ಎಪೊ ಸಿಗದ ಎಳೆ ಕಣಗಳು ಸುಮ್ನೆ ಸತ್ತು ಹೋಗುತ್ತವೆ, ಸಿಕ್ಕವು ಉಳಿದು ಬೆಳೆಯುತ್ತವೆ. ಆದರೆ 2007ರಲ್ಲಿ ಅಮೆರಿಕದ ಹಾರ್ವೆ ಲೋಡಿಶ್ ಅವರ ಲ್ಯಾಬ್ ಇಲಿ ಭ್ರೂಣದ ಕಣಗಳಲ್ಲಿ ಇನ್ನೊಂದು ಸಂಗತಿ ಕಂಡಿತು. ಎಪೊ ಬೇಕಾಗುವುದು ಮೊದಲ ಹಂತದಲ್ಲಿ. ಆಮೇಲೆ ಕಣಗಳು ಹೆಚ್ಚಬೇಕಾದರೆ ಸುತ್ತಲ ಜಾಲದಲ್ಲಿರುವ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನ್ ಬೇಕು. ನಮ್ಮ ಕಡೆ ತೊಗರಿ ಮೊದಲ ಮಳೆಗೆ ಮೊಳಕೆ ಒಡೆದು, ಮಳೆ ನಿಂತ ಮೇಲೂ ಎರೆ ನೆಲದ ಹಸಿಯ ಮೇಲೆ ಬೆಳೆಯುತ್ತದಲ್ವಾ, ಹಾಗೆ. ಎಳೆ ಕಣ ತನ್ನ ಮೈಮೇಲಿನ ಇಂಟೆಗ್ರಿನ್ ಎಂಬ ಕೊಂಡಿಯಿಂದ ಫೈಬ್ರೊನೆಕ್ಟಿನ್ ಹಿಡಿದಿರುತ್ತದೆ. ಆ ಹಿಡಿತವೇ ಅದನ್ನು ಸಾಯದಂತೆ ಕಾಯುತ್ತದೆ. ಕಣ ಬಲಿತಂತೆ ಕೊಂಡಿ ಕಳಚಿಕೊಂಡು ರಕ್ತಕ್ಕೆ ಇಳಿಯುತ್ತದೆ.

ಫೈಬ್ರೊನೆಕ್ಟಿನ್ ಇಂಜೆಕ್ಷನ್ ಅಂತ ಯಾರೂ ರಕ್ತಹೀನತೆಗೆ ಕೊಡುವುದಿಲ್ಲ. ಔಷಧ ಬಂದದ್ದು ಆರ್ಡರ್ ಕೊಡುವ ಕಡೆಯಲ್ಲೇ. ಆಮ್ಲಜನಕ ಕಮ್ಮಿಯಾದದ್ದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕಂಡುಹಿಡಿದ ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು. ಅದೇ ದಾರಿಯಲ್ಲಿ ಕೆಲಸ ಮಾಡಿ ಮೈಯಲ್ಲೇ ಎಪೊ ಹೆಚ್ಚಿಸುವ ಡೆಸಿಡುಸ್ಟಾಟ್ ಮಾತ್ರೆಗೆ 2022ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು.

ಹಾಗಂತ ಹಿಮೋಗ್ಲೋಬಿನ್ ಎಷ್ಟು ಏರಿದರೆ ಅಷ್ಟು ಒಳ್ಳೇದು ಅಂದುಕೊಳ್ಳಬೇಡಿ. 2006ರ ಒಂದು ದೊಡ್ಡ ಅಧ್ಯಯನದಲ್ಲಿ 13.5ಕ್ಕೆ ಏರಿಸಲು ಹೋದ ಕಿಡ್ನಿ ರೋಗಿಗಳಿಗೆ, 11.3ರ ಗುರಿ ಇಟ್ಟುಕೊಂಡವರಿಗಿಂತ ಹೃದಯದ ತೊಂದರೆ ಜಾಸ್ತಿ ಆಯಿತು. ಇನ್ನು ಸೇಡಂ, ಚಿಂಚೋಳಿ ಕಡೆಯ ಬಸುರಿಗೆ ಕಬ್ಬಿಣ ಸಾಲದೆ ರಕ್ತ ಕಮ್ಮಿಯಾಗಿದ್ದರೆ ಅವಳ ಕಿಡ್ನಿ ಎಪೊ ಕಳಿಸುತ್ತಲೇ ಇರುತ್ತದೆ, ಅವಳಿಗೆ ಬೇಕಾದ್ದು ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ. ಡಯಾಲಿಸಿಸ್‌ನವರು ಎಪೊ ತಗೊಂಡರೂ ರಕ್ತ ಏರದಿದ್ದರೆ ಮೊದಲು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ) ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿ, ಮೈಯಲ್ಲಿ ಎಲ್ಲಾದರೂ ಸೋಂಕು ಇದೆಯಾ ಅಂತಲೂ ನೋಡಿಸಿ.